ಗೋಡೆಗೆ ಹಚ್ಚಿದ ವಿಭೂತಿ

ಹುಮನಾಬಾದಿನಲ್ಲಿ ನಾವು ಬಾಡಿಗೆಗೆ ಹಿಡಿದ ಮನೆಯ ಮಾಲೀಕರಿಗೆ ಒಂದೇ ಒಂದು ಷರತ್ತಿತ್ತು. ಕೀಲಿಕೈಯನ್ನು ನನ್ನ ಕೈಗೆ ಹಾಕುವ ಮೊದಲು ಅದನ್ನು ಹೇಳಿದರು.

"ನೋಡ್ರಿ ಟೀಚರ್, ಬಾಡಗಿ ನಾಕು ದಿನ ತಡಾ ಆದ್ರ ನಡೀತದ. ಮಂದಿ ಬರ್ಲಿ, ಹೋಗ್ಲಿ, ನಾ ಕೇಳಂಗಿಲ್ಲ. ಆದ್ರ ಗ್ವಾಡಿಗೆ ಮೊಳಿ ಹೊಡಿಬಾರ್ದು. ಒಂದೂ ಹೊಡಿಬಾರ್ದು."

ಹೇಳಿ, ಪಕ್ಕದ ಗೋಡೆಯ ಮೇಲೆ ಅಂಗೈ ಇಟ್ಟು ಮೆಲ್ಲಗೆ ಸವರಿದರು. ಸಂತೆಯಲ್ಲಿ ಎಮ್ಮೆ ಮಾರುವವರು ಎಮ್ಮೆಯ ಬೆನ್ನು ಸವರುತ್ತಾರಲ್ಲ, ಹಾಗೆ. "ಎಲ್ಲಾ ಇಟ್ಟಿಗಿ. ಇಪ್ಪತ್ತೊಂದು ದಿನ ನನ್ನ ಕೈಲೆ ನೀರು ಹೊಡದೀನಿ," ಎಂದರು. ಅವರು ಎಲ್ಲಿಯೋ ಗುಮಾಸ್ತರಾಗಿದ್ದು ನಿವೃತ್ತರಾದವರು. ಮೇಲಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ ಇರುತ್ತಿದ್ದರು. ನಾನು ಅವರನ್ನು ಕಾಕಾ ಎಂದು ಕರೆಯುತ್ತಿದ್ದೆ.

ನಾನು ಗಣಿತದ ಟೀಚರ್. ಶಾಲೆಯಲ್ಲಿ ನನ್ನ ಹೆಜ್ಜೆಯ ಸಪ್ಪಳಕ್ಕೇ ಒಂಬತ್ತನೆಯ ತರಗತಿ ಸುಮ್ಮನಾಗುತ್ತದೆ. ಆದರೆ ಮನೆಯ ಮಾಲೀಕರ ಮುಂದೆ ನಾನೂ ಕೊನೆಯ ಬೆಂಚಿನವಳೇ. ಎರಡು ವರ್ಷ ಆ ಮಾತನ್ನು ಅಕ್ಷರಶಃ ಪಾಲಿಸಿದೆ. ನಮ್ಮ ಗಡಿಯಾರ ಫ್ರಿಜ್ಜಿನ ಮೇಲೆ ಕೂತಿತ್ತು. ಫ್ರಿಜ್ಜು ನಡುಗಿದಾಗಲೆಲ್ಲ ಅದು ಸ್ವಲ್ಪ ಸ್ವಲ್ಪ ತಿರುಗಿ, ವಾರದ ಕೊನೆಗೆ ಮುಖವನ್ನು ಗೋಡೆಗೆ ಮಾಡುತ್ತಿತ್ತು. ಕ್ಯಾಲೆಂಡರ್ ಕಿಟಕಿಯ ಸರಳಿಗೆ ನೇತಾಡುತ್ತಿತ್ತು, ಗಾಳಿ ಬಿಟ್ಟರೆ ಎರಡು ತಿಂಗಳು ಒಟ್ಟಿಗೆ ಹಾರುತ್ತಿದ್ದವು. ಕನ್ನಡಿಯನ್ನು ಅಲಮಾರಿಗೆ ಆನಿಸಿ ನೆಲದ ಮೇಲಿಟ್ಟಿದ್ದರಿಂದ ನಾನು ದಿನಾ ಚಾಪೆಯ ಮೇಲೆ ಕೂತು ತಲೆ ಬಾಚಿಕೊಳ್ಳುತ್ತಿದ್ದೆ. ನಮ್ಮ ಮನೆಯವರು ಬೀದರಿನಲ್ಲಿ ಕೆಲಸದಲ್ಲಿದ್ದು ಭಾನುವಾರಕ್ಕೊಮ್ಮೆ ಬರುವವರು. ಅವರು ಹುಟ್ಟಿದ ಮೇಲೆ ಒಂದು ಮೊಳೆ ಹೊಡೆದವರಲ್ಲ, ಹಾಗಾಗಿ ಈ ಷರತ್ತು ಅವರಿಗೆ ಬಹಳ ಹಿಡಿಸಿತ್ತು.

ಕಾಕಾ ತಿಂಗಳಿಗೊಮ್ಮೆ ಬಂದು ಚಹಾ ಕುಡಿದು ಹೋಗುತ್ತಿದ್ದರು. ಮಾತು ನನ್ನ ಜೊತೆಗೆ, ಕೈ ಗೋಡೆಯ ಮೇಲೆ. ನಾವು ಚೆನ್ನಾಗಿದ್ದೇವೋ ಇಲ್ಲವೋ ಎಂದು ಅವರು ಕೇಳಿದ್ದು ನನಗೆ ನೆನಪಿಲ್ಲ, ಗೋಡೆ ಚೆನ್ನಾಗಿದೆ ಎಂಬುದನ್ನು ಮಾತ್ರ ಖಾತ್ರಿ ಮಾಡಿಕೊಂಡು ಹೋಗುತ್ತಿದ್ದರು.

ಹೀಗಿರುವಾಗ ಅವ್ವ ಬಿದ್ದಳು. ಬಸವಕಲ್ಯಾಣದ ನಮ್ಮ ಮನೆಯ ಅಂಗಳದಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಳು. ಆಪರೇಷನ್ ಆದ ಮೇಲೆ ನಾನು ಅವಳನ್ನು ಹುಮನಾಬಾದಿಗೆ ಕರೆತಂದೆ. ವಾಕರ್ ಹಿಡಿದು ನಿಧಾನವಾಗಿ ನಡೆಯುತ್ತಿದ್ದಳು, ಕೂಡುತ್ತಿದ್ದಳು. ಕೂತಲ್ಲಿಂದ ಏಳುವುದು ಮಾತ್ರ ಆಗುತ್ತಿರಲಿಲ್ಲ. ಮಂಚಕ್ಕೆ ಕಾಲಿನ ಕಡೆ ಅಡ್ಡಪಟ್ಟಿ ಇತ್ತು, ಅದನ್ನು ಹಿಡಿದು ಹೇಗೋ ಏಳುತ್ತಿದ್ದಳು. ಪಾಯಖಾನೆಯಲ್ಲಿ ಹಿಡಿಯಲು ಏನೂ ಇರಲಿಲ್ಲ. ಅಲ್ಲಿ ನಾನು ಒಳಗೆ ಹೋಗಿ, ಅವಳ ಎರಡೂ ಕೈಯನ್ನು ನನ್ನ ಕುತ್ತಿಗೆಗೆ ಹಾಕಿಕೊಂಡು ಎತ್ತಬೇಕು. ಎತ್ತುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ. ಮೇಲೆ ಸ್ಲ್ಯಾಬಿನ ಮೂಲೆಯನ್ನೇ ನೋಡುತ್ತಿದ್ದಳು.

ನನ್ನ ಅವ್ವ ಬಾಯಿ ಜೋರಿನ ಹೆಂಗಸು. ಯಾರಿಗೂ ಯಾವುದಕ್ಕೂ ಅಂಜಿದವಳಲ್ಲ. ಅವಳು ಹಾಗೆ ಸುಮ್ಮನೆ ಮೇಲೆ ನೋಡುವುದು ನನಗೆ ತಡೆಯಲಾಗುತ್ತಿರಲಿಲ್ಲ.

ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಸಂಗತಿ ಗೊತ್ತಾಯಿತು. ಕಾಕಾ ಕಿಟಕಿಯ ಹೊರಗೆ ಇಟ್ಟಿದ್ದ ಕುಂಡದ ಗುಲಾಬಿ ಇದ್ದಕ್ಕಿದ್ದಂತೆ ಹುಲುಸಾಗಿ ಬೆಳೆದಿತ್ತು. ಕಾಕಾ ಹಾದಿಯವರಿಗೆಲ್ಲ ಅದನ್ನು ತೋರಿಸುತ್ತಿದ್ದರು. ಒಂದು ದಿನ ನಾನು ಶಾಲೆಯಿಂದ ಬೇಗ ಬಂದಾಗ, ಅವ್ವ ಕಿಟಕಿಯ ಸರಳಿನ ಸಂದಿಯಿಂದ ಕೈ ಚಾಚಿ ತಾಮ್ರದ ಚೊಂಬಿನ ನೀರನ್ನು ಆ ಕುಂಡಕ್ಕೆ ಸುರಿಯುತ್ತಿದ್ದಳು. ಬೆಳಿಗ್ಗೆ ಅವಳಿಗೆ ಕುಡಿಯಲು ನಾನು ತುಂಬಿಟ್ಟು ಹೋದ ನೀರು.

"ಏನು ಮಾಡಾಕತ್ತಿ ಅವ್ವ?"

"ಗಿಡ ಒಣಗಿತ್ತು."

"ನಿನ್ನ ನೀರು ಅದು."

ಅವಳು ಚೊಂಬನ್ನು ಕೆಳಗಿಟ್ಟಳು. "ಕುಡದ್ರ ಹೋಗಬೇಕಾಗ್ತದ. ಹೋದ್ರ ನೀ ಎತ್ತಬೇಕಾಗ್ತದ," ಎಂದಳು.

ನನಗೆ ಸಿಟ್ಟು ಬಂತು. ಡಾಕ್ಟರ ಬಳಿ ಕರೆದುಕೊಂಡು ಹೋದೆ. ನೀರು ಕುಡಿಯದೆ ಹೀಗೇ ಇದ್ದರೆ ಮತ್ತೆ ಆಸ್ಪತ್ರೆಯಲ್ಲಿ ಮಲಗಬೇಕಾಗುತ್ತದೆ ಎಂದು ಅವರು ಅವ್ವನಿಗೇ ನೇರವಾಗಿ ಹೇಳಿದರು. ಅವ್ವ ತಲೆಯಾಡಿಸಿದಳು. ಮನೆಗೆ ಬಂದು ಅರ್ಧ ಕಪ್ಪು ಚಹಾ ಕುಡಿದು ಉಳಿದದ್ದನ್ನು ನನ್ನ ಕಡೆ ತಳ್ಳಿದಳು.

ಆ ಭಾನುವಾರ ಅವಳ ಪೂಜೆಯ ಚೀಲ ತರಲು ನಾನೊಬ್ಬಳೇ ಬಸವಕಲ್ಯಾಣಕ್ಕೆ ಹೋದೆ. ನಮ್ಮ ಮನೆಯ ಗೋಡೆಗಳು ಕರಿಕಲ್ಲು ಮತ್ತು ಮಣ್ಣಿನವು, ಒಂದು ಮೊಳಕ್ಕಿಂತ ದಪ್ಪ. ಮೊಳೆಯ ಮಾತೇ ಅಲ್ಲಿಲ್ಲ. ಏನು ತೂಗುಹಾಕಬೇಕೋ ಅದಕ್ಕೆ ಗೋಡೆ ಕಟ್ಟುವಾಗಲೇ ಕಲ್ಲಿನ ನಡುವೆ ಕಟ್ಟಿಗೆಯ ಗೂಟ ಇಟ್ಟುಬಿಡುತ್ತಿದ್ದರು. ಹಿತ್ತಿಲ ಬಚ್ಚಲಿಗೆ ಕೈಕಾಲು ತೊಳೆಯಲು ಹೋದಾಗ ಅಲ್ಲಿಯ ಗೂಟ ಕಣ್ಣಿಗೆ ಬಿತ್ತು. ಸೊಂಟದ ಎತ್ತರಕ್ಕೂ ಕೆಳಗೆ, ಯಾರೂ ಟವೆಲ್ ಹಾಕದ ಜಾಗದಲ್ಲಿ ಇತ್ತು. ಬೇರೆ ಗೂಟಗಳೆಲ್ಲ ದೂಳು ಹಿಡಿದು ಒರಟಾಗಿದ್ದರೆ ಇದು ಮಾತ್ರ ಎಣ್ಣೆ ಹಚ್ಚಿದಂತೆ ನುಣ್ಣಗಿತ್ತು. ನಾನು ಕೂತು, ಅದನ್ನು ಹಿಡಿದು ಎದ್ದೆ. ಆಗ ಅದು ಯಾಕೆ ಅಲ್ಲಿದೆ ಎಂದು ತಿಳಿಯಿತು. ಆ ಮನೆಯಲ್ಲೇ ಹುಟ್ಟಿ ಬೆಳೆದವಳಿಗೆ ಅಷ್ಟು ವರ್ಷ ತಿಳಿದಿರಲಿಲ್ಲ.

ಹುಮನಾಬಾದಿಗೆ ಬಂದು ಅವ್ವನಿಗೆ ಹೇಳಿದೆ. ಅವಳು ನಕ್ಕಳು. "ಅದನ್ನ ನಮ್ಮತ್ತಿ ಹಿಡೀತಿದ್ರು. ಅವರು ಹೋದ ಮ್ಯಾಲ ನಾ ಹಿಡದೆ. ನಿಮಗೆಲ್ಲಾ ಯಾಕ ಹೇಳಬೇಕಾಗಿತ್ತು?"

ಅಂಥದೊಂದು ಹಿಡಿಕೆ ಇಲ್ಲಿಯೂ ಬೇಕು ಎಂದು ನಾನು ಅಂದೇ ನಿಶ್ಚಯಿಸಿದೆ. ಅದು ಸಿಕ್ಕರೆ ಅವ್ವ ತಾನೇ ಏಳುತ್ತಾಳೆ, ತಾನೇ ಎದ್ದರೆ ನೀರು ಕುಡಿಯುತ್ತಾಳೆ. ಲೆಕ್ಕ ಇಷ್ಟು ಸರಳವಾಗಿತ್ತು.

ಮೊದಲು ಮರ್ಯಾದೆಯಿಂದ ಕಾಕಾ ಅವರನ್ನೇ ಕೇಳಿದೆ. ಅವರಿಗೆ ಪಾಪ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ಆದರೆ ಕೈ ಆಗಲೇ ಗೋಡೆಯ ಮೇಲೆ ಹೋಗಿತ್ತು. "ಟೈಲ್ಸ್ ಬಿರೀತಾವ ಟೀಚರ್. ಒಳಗ ಪೈಪ್ ಹೋಗ್ಯಾದ. ಅಂಟಸೂ ಹ್ಯಾಂಡಲ್ ಸಿಗ್ತಾವ ನೋಡ್ರಿ, ರಬ್ಬರ್ ಬುಡ ಇದ್ದದ್ದು, ಅದು ತರ್ರಿ," ಎಂದರು.

ತಂದೆ. ಟೈಲ್ಸಿಗೆ ಒತ್ತಿದರೆ ಗಟ್ಟಿಯಾಗಿ ಹಿಡಿದುಕೊಂಡಿತು. ಅವ್ವನಿಗೆ ಕೊಡುವ ಮುಂಚೆ ನಾನೇ ಕೂತು, ಹಿಡಿದು, ಎದ್ದೆ. ಹಿಡಿಕೆಯೂ ನನ್ನ ಜೊತೆ ಎದ್ದಿತು. ನಾವಿಬ್ಬರೂ ಒಟ್ಟಿಗೆ ವಾಪಸು ಕೂತೆವು, ನಾನು ಸ್ವಲ್ಪ ಜೋರಾಗಿಯೇ ಕೂತೆ.

ಹೊರಗಿನಿಂದ ಅವ್ವ ಕೇಳಿದಳು, "ಯಾರು ಬಿದ್ರು?"

"ಯಾರೂ ಇಲ್ಲ. ಬಕೆಟ್ ಬಿತ್ತು."

"ಬಕೆಟ್ ಯವ್ವಾ ಅಂತದೇನು?"

ಆ ಹಿಡಿಕೆ ಈಗ ನಮ್ಮ ಫ್ರಿಜ್ಜಿನ ಬಾಗಿಲ ಮೇಲಿದೆ, ಏನೂ ಉಪಯೋಗವಿಲ್ಲ.

ಇನ್ನು ಉಳಿದದ್ದು ಕಳ್ಳದಾರಿ. ಕೆಲಸದವರನ್ನು ಕರೆಸುವಂತಿರಲಿಲ್ಲ, ಕಾಕಾ ಇಡೀ ದಿನ ಗೇಟಿನ ಬಳಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಆದರೆ ಗುರುವಾರ ಸಂಜೆ ಐದಕ್ಕೆ ಗಂಡ ಹೆಂಡತಿ ಇಬ್ಬರೂ ಆಟೋ ಹತ್ತಿ ಮಾಣಿಕನಗರದ ಮಠಕ್ಕೆ ಹೋದರೆ ಬರುವುದು ಏಳಕ್ಕೆ. ಆ ಎರಡು ಗಂಟೆಯ ಮೇಲೆ ನಾನೂ ಅವ್ವನೂ ಕಣ್ಣಿಟ್ಟೆವು. ಪಿತೂರಿ ಶುರುವಾದ ದಿನದಿಂದ ಅವ್ವನ ಮುಖಕ್ಕೆ ಕಳೆ ಬಂತು.

ಪೇಟೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು ವಯಸ್ಸಾದ ಸಾಬರು, ಅವರ ಮೊಮ್ಮಗಳು ನನ್ನ ಶಾಲೆಯಲ್ಲಿ ಓದುತ್ತಾಳೆ. ಸ್ಟೀಲಿನ ಹಿಡಿಕೆ ಕೇಳಿದ ಕೂಡಲೇ ಅವರು ಅದನ್ನು ಕೊಡಲಿಲ್ಲ.

"ಗ್ವಾಡಿ ಯಾವುದ್ರಿ ಟೀಚರಮ್ಮ?"

"ಗೋಡೆ ಅಂದರೆ ಗೋಡೆ."

"ಹಂಗಲ್ರಿ. ಇಟ್ಟಿಗಿದು ಬ್ಯಾರೆ, ಕಲ್ಲಂದು ಬ್ಯಾರೆ, ಪೊಳ್ಳಂದು ಬ್ಯಾರೆ. ಅದರ ಮಿಜಾಜ್ ಕೇಳಿ ಸಾಮಾನ ಕೊಡಬೇಕು."

ಎಲ್ಲ ಇಟ್ಟಿಗೆ, ಮಾಲೀಕರು ಇಪ್ಪತ್ತೊಂದು ದಿನ ತಮ್ಮ ಕೈಯಾರೆ ನೀರು ಹೊಡೆದಿದ್ದಾರೆ ಎಂದು ನಾನು ಜಂಬದಿಂದ ಹೇಳಿದೆ, ಅದು ನನ್ನದೇ ಗೋಡೆ ಎಂಬಂತೆ. ಸಾಬರು ಒಂದು ಪ್ಲಾಸ್ಟಿಕ್ ತುಂಡನ್ನು ನನ್ನ ಅಂಗೈಗೆ ಹಾಕಿದರು. ಕಿರುಬೆರಳಿನಷ್ಟು ಉದ್ದ, ಮೈಯೆಲ್ಲ ಗೀರು. ಗಿಟ್ಟಿ ಎಂದು ಅದರ ಹೆಸರು. ಗೋಡೆಗೆ ತೂತು ಹಾಕಿ ಇದನ್ನು ಒಳಗೆ ಕೂರಿಸಬೇಕು, ಸ್ಕ್ರೂ ಒಳಗೆ ಹೋದಂತೆ ಇದು ಉಬ್ಬಿ ಗೋಡೆಯನ್ನು ಒಳಗಿನಿಂದ ಬಿಗಿಯಾಗಿ ಹಿಡಿಯುತ್ತದೆ. ಸ್ಕ್ರೂ ಗೋಡೆಯನ್ನು ಹಿಡಿಯುವುದೇ ಇಲ್ಲ, ಹಿಡಿಯುವುದು ಗಿಟ್ಟಿ. ಐವತ್ತು ದಾಟಿದ ಮೇಲೆ ನನಗೆ ಇದು ತಿಳಿಯಿತು.

"ತೂತಿನಿಂದ ಬೀಳೋ ಪುಡಿ ಬಣ್ಣ ನೋಡ್ರಿ," ಎಂದರು ಸಾಬರು. "ಕೆಂಪು ಬಂದ್ರ ಇಟ್ಟಿಗಿ, ಖುಷ್ ಆಗ್ರಿ. ಬೂದಿ ಬಣ್ಣ ಬಂದ್ರ ಎರಡು ಇಟ್ಟಿಗಿ ನಡುವಿನ ಸಿಮೆಂಟ್ ಸಂದಿ, ಅಲ್ಲಿ ಗಿಟ್ಟಿ ನೆಟ್ಟಗ ಕೂಡಂಗಿಲ್ಲ."

"ಬಿಳಿ ಬಂದರೆ?"

"ಬಿಳಿ ಬಂದ್ರ ಅದು ಗ್ವಾಡೀನೇ ಅಲ್ಲ. ನನ್ನ ಕಡಿ ವಾಪಸ್ ಬರ್ರಿ."

ಡ್ರಿಲ್ ಮಷೀನನ್ನು ಅವರೇ ಕೈಗಡ ಕೊಟ್ಟರು. ಮೊದಲು ಬೇರೆ ಯಾವುದಾದರೂ ಗೋಡೆಯಲ್ಲಿ ಒಂದು ತೂತು ಹಾಕಿ ಕೈ ಕೂಡಿಸಿಕೊಳ್ಳಿ, ಆಮೇಲೆ ಟೈಲ್ಸಿಗೆ ಹೋಗಿ ಎಂದು ಬುದ್ಧಿಯನ್ನೂ ಹೇಳಿದರು.

ಮೊದಲ ಗುರುವಾರ. ಆಟೋ ಓಣಿ ದಾಟಿದ್ದನ್ನು ಅವ್ವ ಕಿಟಕಿಯಿಂದ ನೋಡಿ ಕೈ ಸನ್ನೆ ಮಾಡಿದಳು. ಅಕ್ಕಪಕ್ಕದವರಿಗೆ ಡ್ರಿಲ್ಲಿನ ಸದ್ದು ತಿಳಿಯದಂತೆ ಅವಳ ಮುಂದೆ ಮಿಕ್ಸರ್ ಇಟ್ಟು, ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಮಾಡಲು ಹುರಿದ ಶೇಂಗಾ ಕೊಟ್ಟಿದ್ದೆ. ನಾನು ಡ್ರಿಲ್ ಒತ್ತಿದಾಗ ಅವಳು ಮಿಕ್ಸರ್ ಒತ್ತಬೇಕು, ನಾನು ಬಿಟ್ಟಾಗ ಬಿಡಬೇಕು. ಕೈ ಕೂಡಿಸಿಕೊಳ್ಳಲು ಹಾಲಿಗೂ ಮಲಗುವ ಕೋಣೆಗೂ ನಡುವಿನ ಗೋಡೆಯನ್ನು ಆರಿಸಿಕೊಂಡೆ. ಅಲ್ಲಿ ಅಲಮಾರಿಯ ಪಕ್ಕ ಒಂದು ಮೂಲೆ ಕಣ್ಣಿಗೆ ಬೀಳುತ್ತಿರಲಿಲ್ಲ.

ಇಪ್ಪತ್ತೊಂದು ದಿನ ನೀರು ಕುಡಿದ ಇಟ್ಟಿಗೆ ಎಂದು ನಾನು ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ಡ್ರಿಲ್ ಒಂದು ಕ್ಷಣ ಗುರ್ ಎಂದಿತು. ಮರುಕ್ಷಣ ಅದೂ ನನ್ನ ಮುಂಗೈಯೂ ಗೋಡೆಯ ಒಳಗಿದ್ದವು. ಕೈ ಹೊರಗೆ ತೆಗೆದರೆ ಒಂದು ಬಟ್ಟಲಿನಷ್ಟು ಅಗಲದ ತೂತು, ನನ್ನ ಸೀರೆಯ ತುಂಬ ಬಿಳೀ ಪುಡಿ.

ಅವ್ವ ಮಿಕ್ಸರ್ ನಿಲ್ಲಿಸಿ, ವಾಕರ್ ಹಿಡಿದು ಬಂದಳು. ತೂತನ್ನು ನೋಡಿದಳು. ಬೆರಳ ಗೆಣ್ಣಿನಿಂದ ಗೋಡೆಯನ್ನು ಮೇಲಿಂದ ಕೆಳಗೆ ಬಡಿಯುತ್ತಾ ಹೋದಳು.

"ಇದು ಗ್ವಾಡಿ ಅಲ್ಲಬೇ, ಡಬ್ಬಿ ಅದ," ಎಂದಳು.

ಮೊಬೈಲಿನ ಬೆಳಕು ಬಿಟ್ಟು ಒಳಗೆ ನೋಡಿದೆ. ಈ ಕಡೆ ಒಂದು ಜಿಪ್ಸಮ್ ಹಲಗೆ, ಆ ಕಡೆ ಒಂದು ಹಲಗೆ, ನಡುವೆ ತಗಡಿನ ಪಟ್ಟಿ, ಯಾರೋ ಕೆಲಸದವರು ತಿಂದು ಬಿಸಾಕಿದ ಗುಟ್ಕಾ ಚೀಟಿ. ಕಾಕಾ ಒಂದು ದೊಡ್ಡ ಹಾಲನ್ನು ನಡುವೆ ಹಲಗೆ ನಿಲ್ಲಿಸಿ ಎರಡು ಮಾಡಿದ್ದರು. ಮೇಲೆ ಬಣ್ಣ ಬಳಿದರೆ ಯಾರಿಗೂ ತಿಳಿಯುವುದಿಲ್ಲ, ಮೊಳೆ ಹೊಡೆದರೆ ಮಾತ್ರ ತಿಳಿಯುತ್ತದೆ. ಇದಕ್ಕೆ ಇಪ್ಪತ್ತೊಂದು ದಿನ ನೀರು ಹೊಡೆದಿದ್ದರೆ ಕರಗಿ ಓಣಿಗೆ ಹರಿದುಹೋಗುತ್ತಿತ್ತು. ಎರಡು ವರ್ಷ ನೆಲದ ಮೇಲೆ ಕೂತು ತಲೆ ಬಾಚಿಕೊಂಡದ್ದು ನೆನಪಾಗಿ ನನಗೆ ಮೈ ಉರಿಯಿತು. ಅವ್ವ ಸೊಂಟ ಹಿಡಿದುಕೊಂಡು ನಕ್ಕಳು, ಅವಳು ಬಿದ್ದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ಅವಳನ್ನು ನೋಡಿ ನನಗೂ ನಗು ತಡೆಯಲಾಗಲಿಲ್ಲ.

ನಕ್ಕು ಮುಗಿದ ಮೇಲೂ ತೂತು ಹಾಗೇ ಇತ್ತು. ಏಳು ಗಂಟೆಯೊಳಗೆ ಮುಚ್ಚಬೇಕು. ಒಂದು ಲಗ್ನಪತ್ರಿಕೆಯ ದಪ್ಪ ಕಾಗದ ತೆಗೆದು ನಡುವೆ ದಾರ ಪೋಣಿಸಿದೆ. ಅದನ್ನು ಮಡಚಿ ತೂತಿನೊಳಗೆ ತೂರಿಸಿ, ದಾರ ಹಿಡಿದು ಹಿಂದಕ್ಕೆ ಎಳೆದರೆ ಒಳಗಿನಿಂದ ಬಂದು ತೂತಿಗೆ ಅಡ್ಡ ನಿಂತಿತು. ಗಣಿತದವಳ ಬುದ್ಧಿ ಎಂದು ಸ್ವಲ್ಪ ಬೀಗಿದೆ. ಇನ್ನು ಗೋಡೆಯ ಬಿಳಿ ಬಣ್ಣಕ್ಕೆ ಹೊಂದುವಂತೆ ಮೆತ್ತಲು ಏನಾದರೂ ಬೇಕು. ಜೋಳದ ಹಿಟ್ಟು ತಂದರೆ ಇರುವೆ ಮುತ್ತುತ್ತವೆ ಎಂದಳು ಅವ್ವ. ಟೂತ್‌ಪೇಸ್ಟು ವಾಸನೆ ಹೊಡೆಯುತ್ತದೆ ಎಂದಳು. ಆಮೇಲೆ ತಾನೇ ಪೂಜೆಯ ಚೀಲಕ್ಕೆ ಕೈ ಹಾಕಿ ಮೂರು ವಿಭೂತಿ ಗಟ್ಟಿ ತೆಗೆದು ನನ್ನ ಮುಂದಿಟ್ಟಳು.

"ಶಿವ ಸಿಟ್ಟಾಗಂಗಿಲ್ಲೇನು?"

"ಶಿವಗ ಹಣಿ ಬ್ಯಾರೆ ಅಲ್ಲ, ಗ್ವಾಡಿ ಬ್ಯಾರೆ ಅಲ್ಲ. ನೀ ನೀರು ಹಾಕಿ ಕಲಸು."

ಕಲಸಿ, ಮೆತ್ತಿ, ಸ್ಟೀಲಿನ ಸ್ಕೇಲಿನಿಂದ ಸಮ ಮಾಡಿದೆ. ನಿಜ ಹೇಳಬೇಕೆಂದರೆ ಬಹಳ ಚೆನ್ನಾಗಿ ಬಂತು. ದೂರ ನಿಂತರೆ ತೂತು ಎಲ್ಲಿತ್ತು ಎಂದು ನನಗೇ ಗೊತ್ತಾಗುತ್ತಿರಲಿಲ್ಲ. ಆದರೆ ಒಣಗಿದ ಮೇಲೆ ಅದು ಮತ್ತೆ ವಿಭೂತಿಯೇ ಆಯಿತು. ಮುಟ್ಟಿದವರಿಗೆಲ್ಲ ಅಂಟುತ್ತಿತ್ತು. ಆ ವಾರವೆಲ್ಲ ನಾನು ಮೊಣಕೈಗೆ ವಿಭೂತಿ ಧರಿಸಿಕೊಂಡು ಶಾಲೆಗೆ ಹೋದೆ.

ಎರಡನೆಯ ಗುರುವಾರ ಪಾಯಖಾನೆಯ ಸರದಿ. ನುಣುಪಾದ ಟೈಲ್ಸಿನ ಮೇಲೆ ಡ್ರಿಲ್ಲಿನ ಮೊನೆ ಜಾರುತ್ತಿತ್ತು, ಅದಕ್ಕೆ ಗುರುತಿನ ಜಾಗದಲ್ಲಿ ನನ್ನ ಹಣೆಯ ಟಿಕಲಿ ತೆಗೆದು ಅಂಟಿಸಿದೆ. ಮೊನೆ ಮಖಮಲ್ಲಿನ ಟಿಕಲಿಯನ್ನು ಹಿಡಿದುಕೊಂಡು ನೆಟ್ಟಗೆ ನಿಂತಿತು. ಬಲಗಡೆ ಕೊರೆದಾಗ ಕೆಂಪು ಪುಡಿ ಬಂತು, ಸಾಬರು ಹೇಳಿದ ಪ್ರಕಾರ ಖುಷಿಪಟ್ಟೆ. ಎಡಗಡೆ ಬಂದದ್ದು ಬೂದಿ ಬಣ್ಣವೋ ಕೆಂಪೋ ಎಂಬಂತಿತ್ತು. ಗಂಟೆ ಆರಾಗಿತ್ತು. ನಾನು ಅದನ್ನು ಕೆಂಪು ಎಂದು ಲೆಕ್ಕ ಹಿಡಿದೆ. ಮಕ್ಕಳು ಉತ್ತರಪತ್ರಿಕೆಯಲ್ಲಿ ಹೀಗೆ ಮಾಡಿದರೆ ನಾನು ಸೊನ್ನೆ ಕೊಡುತ್ತೇನೆ. ಗಿಟ್ಟಿ ಕೂರಿಸಿ, ಸ್ಕ್ರೂ ಬಿಗಿದೆ. ಒಂದು ಕೈಯಿಂದ ಎಳೆದರೆ ಹಿಡಿಕೆ ಅಲುಗಲಿಲ್ಲ. ಅವ್ವನನ್ನು ಕರೆಯೋಣ ಎಂದು ಹೊರಗೆ ಬಂದೆ.

ಹಾಲಿನಲ್ಲಿ ಕಾಕಾ ನಿಂತಿದ್ದರು. ಚಾಳೀಸಿನ ಕನ್ನಡಕ ಮರೆತು, ಹೆಂಡತಿಯನ್ನು ಮಠದಲ್ಲೇ ಬಿಟ್ಟು ಇನ್ನೊಂದು ಆಟೋದಲ್ಲಿ ವಾಪಸು ಬಂದಿದ್ದರು. ಅವ್ವ ಮಿಕ್ಸರಿನ ಮೇಲೆ ಕೈಯಿಟ್ಟು, ಅದನ್ನು ಆರಿಸಲು ಮರೆತು, ನನ್ನನ್ನೇ ನೋಡುತ್ತಿದ್ದಳು.

"ನಿಮ್ಮ ಮಿಕ್ಸರ್ ಕೆಟ್ಟದೇನ್ರಿ ಟೀಚರ್?" ಎಂದರು ಕಾಕಾ. "ಸಪ್ಪಳ ಬ್ಯಾರೆ ಬರಾಕತ್ತದ."

ಮಾತು ನನ್ನ ಜೊತೆಗೆ, ಕೈ ಗೋಡೆಯ ಮೇಲೆ. ಅಲಮಾರಿಯ ಪಕ್ಕದ ಗೋಡೆಯ ಮೇಲೆ. ಅವರು ಸವರಿದ ಕೈ ಹಿಂದಕ್ಕೆ ತೆಗೆದರು, ಮೂರು ಬೆರಳಿನ ತುದಿ ಬೆಳ್ಳಗಿತ್ತು. ನಮ್ಮ ಕಡೆಯವರಿಗೆ ಬೆರಳಿಗೆ ವಿಭೂತಿ ಹತ್ತಿದರೆ ಮುಂದಿನ ಕೆಲಸ ಕೈಯೇ ಮಾಡುತ್ತದೆ, ತಲೆಯನ್ನು ಕೇಳುವುದಿಲ್ಲ. ಕಾಕಾ ಕೈ ತಾನಾಗಿ ಮೇಲೆದ್ದು ಹಣೆಯ ಈ ತುದಿಯಿಂದ ಆ ತುದಿಗೆ ಹೋಯಿತು. ಕಣ್ಣು ಮುಚ್ಚಿ, ತುಟಿಯೊಳಗೇ ಶಿವನ ಹೆಸರು ಹೇಳಿದರು. ಆಮೇಲೆ ಕಣ್ಣು ತೆರೆದು ಬೆರಳನ್ನು ನೋಡಿದರು. ಗೋಡೆಯನ್ನು ನೋಡಿದರು.

"ಗ್ವಾಡಿಗ್ಯಾಕ ಈಬತ್ತಿ ಹಚ್ಚೀರಿ?"

ಅವರು ಅನುಮಾನದಿಂದ ಬೆರಳಿಟ್ಟು ಒತ್ತಿದರು. ವಿಭೂತಿ ಬಿರಿಯಿತು, ಲಗ್ನಪತ್ರಿಕೆ ಒಳಗೆ ಬಿತ್ತು, ಕಾಕಾ ಬೆರಳು ಅವರದೇ ಗೋಡೆಯಲ್ಲಿ ಸಿಕ್ಕಿಕೊಂಡಿತು. ತೂತಿನ ಅಂಚಿನಲ್ಲಿ ಹಲಗೆ ಬಿಸ್ಕೀಟಿನ ಹಾಗೆ ಕಾಣಿಸುತ್ತಿತ್ತು. ಅದನ್ನು ಮೂವರೂ ನೋಡಿದೆವು. ನಾನು ಕಳ್ಳಿ, ಅವರು ಕಳ್ಳರು, ಯಾರು ಮೊದಲು ಬಾಯಿ ಬಿಡಬೇಕು ಎಂಬುದು ತಿಳಿಯಲಿಲ್ಲ.

ಅವ್ವ ಮಿಕ್ಸರ್ ಆರಿಸಿದಳು. "ತಮ್ಮಾ," ಎಂದಳು ಬಹಳ ಮೆತ್ತಗೆ, "ಈ ಗ್ವಾಡಿಗೂ ಇಪ್ಪತ್ತೊಂದು ದಿನ ನೀರು ಹೊಡದಿದ್ದೇನು?"

ಕಾಕಾ ಬೆರಳು ಬಿಡಿಸಿಕೊಂಡು ಕುರ್ಚಿಯ ಮೇಲೆ ಕೂತರು. ಹಣೆಯ ಮೂರು ಗೆರೆಯ ಮೇಲೆ ಬೆವರು ಇಳಿಯುತ್ತಿತ್ತು. "ಒಂದೇ ಖೋಲಿ ಅಂದ್ರ ಬಾಡಗಿಗೆ ಯಾರೂ ಬರಂಗಿಲ್ರಿ ಅವ್ವಾ," ಎಂದರು. "ಇದೊಂದೇ ಹಿಂಗ. ಉಳದದ್ದೆಲ್ಲಾ ಇಟ್ಟಿಗೀನೇ. ದೇವರಾಣಿ."

ಅವರು ಒಪ್ಪಿಕೊಂಡ ಮೇಲೆ ನಾನೂ ಒಪ್ಪಿಕೊಂಡೆ. ಪಾಯಖಾನೆಯ ಹಿಡಿಕೆಯ ವಿಷಯ ಹೇಳಿದೆ. ಟೈಲ್ಸ್ ಎಂಬ ಮಾತು ಕಿವಿಗೆ ಬಿದ್ದದ್ದೇ ಕಾಕಾ ಎದ್ದು ದಡದಡ ಅಲ್ಲಿಗೆ ನಡೆದರು. ಹಿಡಿಕೆಯನ್ನು ಎರಡೂ ಕೈಯಿಂದ ಹಿಡಿದು ಸಿಟ್ಟಿನಿಂದ ಎಳೆದರು. ಬಲಗಡೆ ನಿಂತಿತು. ಎಡಗಡೆ ಗಿಟ್ಟಿಯ ಸಮೇತ ಕಿತ್ತು ಹೊರಗೆ ಬಂತು, ಹಿಂದಿನಿಂದ ಬೂದಿ ಬಣ್ಣದ ಪುಡಿ ಉದುರಿತು.

ಇನ್ನು ಐದು ನಿಮಿಷ ಕಳೆದಿದ್ದರೆ ಅದನ್ನು ಅವ್ವ ಹಿಡಿದಿರುತ್ತಿದ್ದಳು. ಅಷ್ಟು ಹೊತ್ತಿನ ತುಂಟತನವೆಲ್ಲ ಇಳಿದು ಹೋಗಿ ನನ್ನ ಮೇಲೆ ನನಗೇ 'ಥೂ' ಅನ್ನಿಸಿತು.

ಕಾಕಾ ತಿರುಗಿದರು. ಮನೆ ಖಾಲಿ ಮಾಡಿ ಎನ್ನುತ್ತಾರೆ ಎಂದುಕೊಂಡೆ.

"ಇಲ್ಲಿ ಯಾರು ತೂತು ಹಾಕು ಅಂದ್ರು?" ಎಂದರು. "ಇದು ಸಂದಿ. ನನ್ನ ಕೇಳಬೇಕಿಲ್ಲೇನು? ಈ ಗ್ವಾಡಿ ಒಂದೊಂದು ಇಟ್ಟಿಗಿ ನನಗ ಗೊತ್ತದ."

"ಕೇಳಿದ್ದೆ ಕಾಕಾ. ಬ್ಯಾಡ ಅಂದ್ರಿ."

ಕಾಕಾ ಗೋಡೆಯ ಕಡೆ ತಿರುಗಿದರು. ಬಾಗಿಲ ಚೌಕಟ್ಟಿನಿಂದ ಗೇಣು ಹಾಕಿ ಅಳೆದರು, ಗೆಣ್ಣಿನಿಂದ ಬಡಿದರು, ಮತ್ತೆ ಅಳೆದರು. ಪೈಪು ಎಲ್ಲಿದೆ ಎಂದು ಬೆರಳಿನಿಂದ ಗಾಳಿಯಲ್ಲಿ ಗೆರೆ ಎಳೆದು ತೋರಿಸಿದರು. ಎರಡು ಬೆರಳು ಮೇಲಕ್ಕೆ ಸರಿದು ಅಲ್ಲಿ ಬೆರಳಿಟ್ಟು, ಹಳೆಯ ತೂತಿನ ಸುತ್ತ ಅಂಟಿದ್ದ ಟಿಕಲಿಯ ಚೂರು ನೋಡಿ, "ಟಿಕಲಿ ಕೊಡ್ರಿ," ಎಂದು ಕೈ ಚಾಚಿದರು. ಅವರು ಎಷ್ಟು ಜಂಬದವರಾದರೂ ಆ ಗೋಡೆಯ ವಿಷಯದಲ್ಲಿ ಸುಳ್ಳು ಹೇಳಿರಲಿಲ್ಲ. ನಾನು ಕೊರೆದೆ, ಅವರು ಹಿಡಿಕೆಯನ್ನು ನೆಟ್ಟಗೆ ಹಿಡಿದು ನಿಂತರು. ಅವರ ಜೇಬಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಮಠದಲ್ಲಿ ಕಾಯುತ್ತಿದ್ದ ಹೆಂಡತಿಯದೇ ಇರಬೇಕು, ಅವರು ಎತ್ತಲಿಲ್ಲ.

ಹೊರಗಿನಿಂದ ಅವ್ವ ಕೇಳಿದಳು, "ಯಾವ ಬಣ್ಣ ಬಂತು?"

"ಕೆಂಪು," ಎಂದೆವು ಇಬ್ಬರೂ.

ಹಳೆಯ ತೂತಿಗೆ ಕಾಕಾ ಮೇಲಿನಿಂದ ಬಿಳಿ ಸಿಮೆಂಟು ತಂದು ತಾವೇ ತುಂಬಿದರು. ಹೊಸ ತೂತಿಗೆ ಗಿಟ್ಟಿ ಒದ್ದಾಡಿ ಒಳಗೆ ಹೋಯಿತು, ಸ್ಕ್ರೂ ಕೊನೆಯ ಎರಡು ಸುತ್ತಿಗೆ ನನ್ನ ಕೈಯಲ್ಲಿ ತಿರುಗಲಿಲ್ಲ, ಅವರು ತಿರುಗಿಸಿದರು. ಆಮೇಲೆ ಕಮೋಡಿನ ಮುಚ್ಚಳ ಹಾಕಿ, ಧೋತರ ಎತ್ತಿ ಕಟ್ಟಿ, ಹಣೆಯಲ್ಲಿ ವಿಭೂತಿ ಹಾಗೇ ಇರಲು ಅದರ ಮೇಲೆ ಗಂಭೀರವಾಗಿ ಕೂತರು. ಹಿಡಿಕೆ ಹಿಡಿದು ಎದ್ದರು. ಮತ್ತೆ ಕೂತು ಮತ್ತೆ ಎದ್ದರು. ಅವ್ವನ ಎರಡರಷ್ಟು ತೂಕ ಅವರದು, ಆದರೂ ಅವರಿಗೆ ಸಮಾಧಾನವಾಗದೆ ನನಗೂ ಹಾಗೆ ಮಾಡಿಸಿದರು.

ಅವ್ವ ವಾಕರ್ ಹಿಡಿದು ಬಂದಳು. ಮಧ್ಯಾಹ್ನದಿಂದ ಹೋಗಿರಲಿಲ್ಲ. ಅಭ್ಯಾಸದಂತೆ ನಾನು ಅವಳ ಹಿಂದೆ ಹೆಜ್ಜೆ ಇಟ್ಟೆ. ಅವಳು ಹೊಸ್ತಿಲಲ್ಲಿ ನಿಂತು ತಿರುಗಿದಳು.

"ನೀ ಎಲ್ಲಿ ಬರಾಕತ್ತೀ?"

ನಾನು ನಿಂತೆ. ಬಾಗಿಲು ಮುಚ್ಚಿತು. ಸ್ವಲ್ಪ ಹೊತ್ತಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳಿತು. ನನ್ನ ಮನೆಗೆ ಬಂದ ಮೇಲೆ ಅವ್ವ ಆ ಬಾಗಿಲಿಗೆ ಚಿಲಕ ಹಾಕಿದ್ದು ಅದೇ ಮೊದಲ ಸಲ. ನನಗೆ ಅಳು ಬಂತು, ಕಾಕಾ ಇದ್ದಾರೆ ಎಂದು ತಡೆದುಕೊಳ್ಳಲೂ ಆಗಲಿಲ್ಲ.

"ಚಿಲಕ ಯಾಕ ಹಾಕ್ಕೊಂಡ್ರು?" ಎಂದು ಕಾಕಾ ಪಿಸುಗುಟ್ಟಿದರು. "ಏನರ ಆದ್ರ ಹ್ಯಾಂಗ್ರಿ?"

"ಏನೂ ಆಗಂಗಿಲ್ಲ, ಬಿಡ್ರಿ," ಎಂದೆ. ನನಗೇನೂ ಖಾತ್ರಿ ಇರಲಿಲ್ಲ.

ಬಾಗಿಲ ಈಚೆ ನಾವಿಬ್ಬರೂ ಕಿವಿಗೊಟ್ಟು ನಿಂತೆವು. ಒಳಗೆ ನೀರು ಸುರಿದ ಸದ್ದಾಯಿತು. ಆಮೇಲೆ ಏನೂ ಇಲ್ಲ. ಹಿಡಿಕೆಯ ಸ್ಟೀಲಿಗೆ ಅವ್ವನ ಕೈಯ ಉಂಗುರ ತಾಗಿದ್ದು ಕೇಳಿತು, ಒಂದು ದೀರ್ಘವಾದ ನಿಟ್ಟುಸಿರು ಕೇಳಿತು. ಮತ್ತೆ ಏನೂ ಇಲ್ಲ. ಕಾಕಾ ಕೈ ಪಕ್ಕದ ಗೋಡೆಯ ಮೇಲೆ ಹೋಗಿ ಅಲ್ಲೇ ನಿಂತಿತ್ತು.

"ಇಬ್ಬರೂ ಅಲ್ಲೇ ನಿಂತೀರೇನು?" ಅವ್ವನ ದನಿ ಬಂತು. ಅದು ಕೂತವರ ಎತ್ತರದಿಂದಲ್ಲ, ಬಾಗಿಲಿನ ಮೇಲ್ಭಾಗದಿಂದ, ನಮ್ಮ ಮುಖದ ಎತ್ತರದಿಂದ ಬಂತು. "ನಿಮಗ ಬ್ಯಾರೆ ಕೆಲಸ ಇಲ್ಲೇನು? ಹೋಗ್ರಿ."

ನಾವು ಹೋದೆವು.